ಅಮ್ಮನ ಪಕ್ಕದ ಎರಡೂವರೆ ಅಡಿ

ಬೆಳಗಿನ ಹನ್ನೊಂದು ಗಂಟೆ ಹತ್ತು ನಿಮಿಷ. ಅಷ್ಟು ಖಚಿತವಾಗಿ ಹೇಗೆ ಗೊತ್ತು ಎಂದು ನೀವು ಕೇಳಬಹುದು. ಅಕ್ಕನ ದೇಹವಿದ್ದ ವ್ಯಾನನ್ನು ಸ್ಮಶಾನದ ಗೇಟಿನಲ್ಲಿ ನಿಲ್ಲಿಸಿಕೊಂಡಿದ್ದ ಡ್ರೈವರು, "ಬೇಗ ಮುಗ್ಸಿ ಮೇಡಂ, ಹನ್ನೆರಡಕ್ಕೆ ಬನಶಂಕರೀಲಿ ಇನ್ನೊಂದಿದೆ" ಎಂದ. ನಾನು ಗಡಿಯಾರ ನೋಡಿ ತಲೆಯೆತ್ತುವಷ್ಟರಲ್ಲಿ ಗುಂಡಿ ತೋಡುತ್ತಿದ್ದ ಮುನಿಯಪ್ಪ ಕಾಣಿಸಲಿಲ್ಲ. ದೊಡ್ಡ ಸದ್ದೇನೂ ಆಗಲಿಲ್ಲ. ರಾಗಿ ಮೂಟೆ ಮಗುಚಿದ ಹಾಗೆ, ಅಷ್ಟೆ.

ಅದಾಗಿ ಕೆಲವು ತಿಂಗಳಾಯಿತು. ಇವತ್ತು ಪಿನ್ನು ಹುಡುಕುತ್ತಾ ಅಕ್ಕನ ಹೊಲಿಗೆ ಮೆಷಿನ್ನಿನ ಡ್ರಾಯರ್ ಎಳೆದರೆ ಅವಳ ಅಳತೆ ಟೇಪು ಕೈಗೆ ಸಿಕ್ಕಿತು. ತುದಿಯಲ್ಲಿ ಇನ್ನೂ ಕೆಂಪು ಮಣ್ಣಿದೆ. ಆ ಟೇಪಿನಲ್ಲಿ ಅಕ್ಕ ಜರಗನಹಳ್ಳಿಯ ಅರ್ಧ ಹೆಂಗಸರ ಬ್ಲೌಸಿಗೆ ಅಳತೆ ತೆಗೆದಿದ್ದಳು. ನಾನು ತೆಗೆದದ್ದು ಒಂದೇ ಅಳತೆ, ಅದೂ ತಪ್ಪಾಯಿತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿದವಳು ನಾನು.

ಮನೆಯಲ್ಲಿ ನಾವಿಬ್ಬರೇ. ಇಬ್ಬರೂ ಮದುವೆಯಾಗಲಿಲ್ಲ, ಅವಳಿಗೆ ಯಾರೂ ಒಪ್ಪಿಗೆಯಾಗಲಿಲ್ಲ, ನನ್ನನ್ನು ಯಾರೂ ಒಪ್ಪಲಿಲ್ಲ ಎಂದು ಹೇಳಿಕೊಂಡು ನಗುತ್ತಿದ್ದೆವು. ನಮ್ಮ ಕಡೆ ಸುಡುವುದಿಲ್ಲ, ಮಣ್ಣು ಮಾಡುತ್ತೇವೆ. ಹಿಂದೆ ಅವರವರ ಹೊಲದ ಬದುವಿನಲ್ಲೇ ಜಾಗವಿರುತ್ತಿತ್ತು. ಹೊಲಗಳು ಸೈಟಾದವು, ಸೈಟುಗಳ ಮೇಲೆ ನಾಲ್ಕು ಮಹಡಿ ಎದ್ದವು, ಬಾಡಿಗೆಯವರು ಬಂದರು. ಸತ್ತವರಿಗೆ ಮಾತ್ರ ಹಳೆಯ ಊರಿನ ಆ ಒಂದು ತುಂಡು ನೆಲವೇ ಉಳಿಯಿತು. ಅಮ್ಮ ಅಲ್ಲಿ ಮಲಗಿ ಇಪ್ಪತ್ತು ವರ್ಷ. ಆಸ್ಪತ್ರೆಯಲ್ಲಿ ಅಕ್ಕ ಕೇಳಿದ್ದು ಅದೊಂದೇ.

"ನನ್ನನ್ನ ಅಮ್ಮನ ಪಕ್ಕದಲ್ಲೇ ಹಾಕೇ. ದೂರ ಹಾಕಿದ್ರೆ ನಿನ್ನ ಮಾತಾಡ್ಸಲ್ಲ ನೋಡು."

"ಹೋದ್ಮೇಲೆ ಹೇಗೂ ಮಾತಾಡ್ಸಲ್ವಲ್ಲೇ" ಎಂದು ನಕ್ಕಿದ್ದೆ. ಆ ತಮಾಷೆಯೊಂದನ್ನು ವಾಪಸ್ ತೆಗೆದುಕೊಳ್ಳುವಂತಿದ್ದರೆ ಎಂದು ಈಗ ಈ ಮನೆಯಲ್ಲಿ ಕೂತು ಅಂದುಕೊಳ್ಳುತ್ತೇನೆ.

ಆವತ್ತು ಮುನಿಯಪ್ಪ ಅಮ್ಮನ ಸಿಮೆಂಟ್ ಕಟ್ಟೆಗೂ ಪಕ್ಕದವರ ಕಟ್ಟೆಗೂ ನಡುವೆ ಹಾರೆ ಹಾಕಿ, ತಲೆ ವಾರೆ ಮಾಡಿ ಕೇಳಿಸಿಕೊಂಡ. ಹಾರೆ ಸದ್ದಿಲ್ಲದೆ ಇಳಿಯಿತು.

"ಆಗಲ್ಲ ಮೇಡಂ. ಎರಡೂ ಕಡೆ ಒಂದ್ಸಲ ತೋಡಿರೋ ಮಣ್ಣು. ನಿಲ್ಲಲ್ಲ. ಅಮ್ಮನ ಗುಂಡೀನೇ ಬಿಚ್ಚಿ ಅಲ್ಲೇ ಮಲಗಿಸೋಣ. ಇಷ್ಟು ವರ್ಷ ಆಯ್ತಲ್ಲ."

"ಅಮ್ಮನ್ನ ಕೆದಕ್ತೀರಾ?" ಎಂದು ರೇಗಿದೆ. ಇಂಥ ವಾದ ಬರಬಹುದೆಂದೇ ಟೇಪನ್ನು ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಬಗ್ಗಿ ಅಳೆದೆ. "ಎರಡೂವರೆ ಅಡಿ ಇದೆ. ಸಾಕು."

"ಟೇಪು ಮೇಲೆ ಅಳೆಯುತ್ತೆ ಮೇಡಂ. ಕೆಳಗೆ ಇಳಿಯೋನು ನಾನು."

ಹಿಂದಿನ ಬೆಂಚಿನವರನ್ನು ಸುಮ್ಮನಾಗಿಸುವ ದನಿಯಲ್ಲಿ, "ತೋಡಿ ಮುನಿಯಪ್ಪ" ಎಂದೆ. ಅವನು ಇಳಿದ.

ಕುಸಿದದ್ದು ಅಮ್ಮನ ಕಡೆಯ ಮಣ್ಣು. ಜೊತೆಗೆ ತೋಡಲು ಬಂದಿದ್ದ ಅವನ ಭಾವಮೈದ, ಡ್ರೈವರು, ನಾನು, ಮೂವರೂ ಕೈಯಲ್ಲೇ ಬಾಚಿದೆವು. ಮೊದಲು ಟವೆಲು ಸಿಕ್ಕಿತು, ಆಮೇಲೆ ತಲೆ. ಬಾಯಿ ತುಂಬ ಇದ್ದ ಮಣ್ಣನ್ನು ಉಗಿದು, ಉಸಿರೆಳೆದು, ಅವನು ನನ್ನ ಕಡೆ ನೋಡಿದ. "ನಿಮ್ಮಮ್ಮ ಬಲು ಜೋರು ಮೇಡಂ."

ಅವನ ಎರಡು ಪಕ್ಕೆಲುಬು ಬಿರುಕು ಬಿಟ್ಟಿದ್ದವು. ನನ್ನ ಅಂಗೈಯಲ್ಲಿ ಅಮ್ಮನ ಹಸಿರು ಬಳೆಯ ಚೂರೊಂದು ಅಂಟಿತ್ತು. ಕುಸಿದ ಕಡೆ ಇಣುಕಿದೆ. ಅಮ್ಮ ಇರಬೇಕಾದಲ್ಲಿ ಮಣ್ಣಿತ್ತು. ಎಲ್ಲ ಕಡೆಯಂಥದ್ದೇ ಕೆಂಪು ಮಣ್ಣು.

ಅಕ್ಕನನ್ನು ಕಾಂಪೌಂಡಿನ ಮೂಲೆಯಲ್ಲಿ, ನಲ್ಲಿಯ ಹತ್ತಿರ ಮಲಗಿಸಿದೆವು. ಅಲ್ಲಿ ಭಾವಮೈದ ಹಾಕಿದ ಹಾರೆ ಠಣ್ಣೆಂದಿತ್ತು. ಅಮ್ಮನಿಂದ ಅಲ್ಲಿಗೆ ಅರವತ್ತೆರಡು ಹೆಜ್ಜೆ. ಎಣಿಸುವ ಚಾಳಿ ಆಗಲೂ ಬಿಡಲಿಲ್ಲ. ಅಲ್ಲಿಂದೀಚೆಗೆ ಕಣ್ಣು ಮುಚ್ಚಿದರೆ ಸಾಕು, ಹನ್ನೊಂದೂ ಹತ್ತು. ಮುನಿಯಪ್ಪ ಇರುತ್ತಾನೆ, ಇರುವುದಿಲ್ಲ. ಎದ್ದು ಕೂರುತ್ತಿದ್ದೆ. ಯಾಕೇ ಎಂದು ಕೇಳಲು ಪಕ್ಕದ ಮಂಚದಲ್ಲಿ ಯಾರೂ ಇರಲಿಲ್ಲ.

ನಿನ್ನೆ ಸಮುದಾಯ ಭವನದಲ್ಲಿ ಸಭೆಯಿತ್ತು: ಮುಂದಿನ ವರ್ಷಗಳಲ್ಲಿ ನಮ್ಮ ಕಡೆಯ ಹೆಣಗಳಿಗೆ ಜಾಗವೆಲ್ಲಿ? ನಕ್ಷೆ ಹಿಡಿದು ಬಂದಿದ್ದ ಇಂಜಿನಿಯರ್ ಹುಡುಗಿ ಎರಡೇ ದಾರಿ ಹೇಳಿದಳು. ಅಂಜನಾಪುರ ದಾಟಿ ದೂರದಲ್ಲಿ ನೆಲ ಹುಡುಕಬೇಕು. ಇಲ್ಲವೇ ಮನೆಯವರು ಒಪ್ಪಿದರೆ ಸಿಮೆಂಟ್ ಕಟ್ಟೆ ಒಡೆದು, ಹಳೆಯ ಗುಂಡಿಗಳನ್ನೇ ಮತ್ತೆ ಬಳಸಬೇಕು.

"ನಮ್ಮಜ್ಜಿ ಮೇಲೆ ಯಾರನ್ನೋ ಮಲಗಿಸ್ತೀರಾ? ಮೊದ್ಲು ನಿಮ್ಮಜ್ಜೀನ ಕೊಡಿ ಮೇಡಂ!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಹುಡುಗಿ ನಕ್ಷೆ ಮಡಿಸತೊಡಗಿದಳು. ಬಾಗಿಲಲ್ಲಿ ಮುನಿಯಪ್ಪ ನಿಂತಿದ್ದ. ಅವನನ್ನು ಯಾರೂ ಏನೂ ಕೇಳಿರಲಿಲ್ಲ.

ನಾನು ಎದ್ದೆ. "ನಮ್ಮಮ್ಮನ ಜಾಗ ತಗೊಳ್ಳಿ. ಅಲ್ಲಿ ಅಮ್ಮ ಇಲ್ಲ, ನಾನು ನೋಡಿದ್ದೀನಿ. ಮಣ್ಣಿದೆ. ಆ ಮಣ್ಣನ್ನ ಮುಟ್ಟಬಾರದು ಅಂತ ಹಟ ಹಿಡಿದು, ಬಾಗಿಲಲ್ಲಿ ನಿಂತಿದಾರಲ್ಲ, ಅವರನ್ನ ಸಾಯಿಸಿಬಿಡ್ತಿದ್ದೆ."

ಎಲ್ಲರೂ ಹಿಂದೆ ತಿರುಗಿದರು. ಮುನಿಯಪ್ಪ ನಾಚಿಕೊಂಡು ಟವೆಲು ಸರಿಮಾಡಿಕೊಂಡ. ಒಪ್ಪಿಗೆಯ ಹಾಳೆಯಲ್ಲಿ, ಅಲ್ಲಿ ಯಾರನ್ನು ಮಲಗಿಸಬಹುದು ಎಂಬಲ್ಲಿ 'ಯಾರನ್ನಾದರೂ' ಎಂದು ಬರೆದು ಸಹಿ ಹಾಕಿದೆ. ನನ್ನ ಹಿಂದೆ ಮೂವರು ಹಾಕಿದರು. ಉಳಿದವರು ಕಾಫಿಗೆ ಎದ್ದರು.

ಹೊರಗೆ ಅವನ ಹತ್ತಿರ ಹೋಗಿ, "ತಪ್ಪಾಯ್ತು ಮುನಿಯಪ್ಪ" ಎಂದೆ. ಇಷ್ಟು ತಿಂಗಳು ಅದೊಂದು ಮಾತು ಬಾಯಿಗೆ ಬಂದಿರಲಿಲ್ಲ. ಅವನು ಚಪ್ಪಲಿಗೆ ಕಾಲು ತೂರಿಸಿದ. ಏನಾದರೂ ಹೇಳಬೇಕಲ್ಲ ಎಂದು, "ನನ್ನ ಸರದಿ ಬಂದಾಗ ಅಕ್ಕನ ಗುಂಡೀನೇ ಬಿಚ್ಚಿಬಿಡಿ" ಎಂದೆ.

"ಅವಸರ ಮಾಡಬೇಡಿ ಮೇಡಂ" ಎಂದ ಮುನಿಯಪ್ಪ, ಪಕ್ಕೆ ಸವರಿಕೊಂಡು. "ಅಲ್ಲಿ ಮಣ್ಣು ಭಾಳ ಗಟ್ಟಿ. ನನಗಿನ್ನೂ ನೋವು ಹೋಗಿಲ್ಲ."

ಇವತ್ತು ಕಣ್ಣು ಬಿಟ್ಟಾಗ ಎಂಟೂಕಾಲು. ಮಧ್ಯದಲ್ಲಿ ಒಮ್ಮೆಯೂ ಎಚ್ಚರವಾಗಿರಲಿಲ್ಲ. ಮೆಷಿನ್ನಿನ ಮೇಲೆ ಬಿಸಿಲು ಬಿದ್ದಿತ್ತು. ಹೊತ್ತೇರುವವರೆಗೆ ಹೊಸ್ತಿಲಲ್ಲೇ ಇದ್ದ ಪ್ಯಾಕೆಟ್ ಹಾಲನ್ನು ಒಲೆಗಿಟ್ಟರೆ ಒಡೆಯಿತು. ಅಕ್ಕನಿದ್ದಿದ್ದರೆ ಬೈಯುತ್ತಿದ್ದಳು. ಆ ಬೈಗುಳಕ್ಕಾಗಿ ಸ್ವಲ್ಪ ಹೊತ್ತು ಕಾದೆ. ಆಮೇಲೆ ಟೇಪನ್ನು ಒರೆಸದೆ ಹಾಗೇ ಸುತ್ತಿಟ್ಟು, ಇನ್ನೊಂದು ಪ್ಯಾಕೆಟ್ ತರಲು ಚಪ್ಪಲಿ ಮೆಟ್ಟಿದೆ.