ಸುಂದ್ರವ್ವ ಹಾರಿದ ಸಂಕ್ರಾಂತಿ

ಸುಂದ್ರವ್ವ ಆಕಾಶಕ್ಕೆ ಹಾರಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮುಂಬಯಿ ಜೋಗೇಶ್ವರಿಯ ನಮ್ಮ ಚಾಳಿನಲ್ಲಿ ಈಗ ಯಾರನ್ನು ಕೇಳಿದರೂ ತಾವೇ ಹಗ್ಗ ಹಿಡಿದು ಬಿಟ್ಟವರ ಹಾಗೆ ಮಾತಾಡುತ್ತಾರೆ. ಅವರನ್ನು ನಂಬಬೇಡಿ. ಅವತ್ತು ಗೊರಾಯಿಯ ಸಮುದ್ರದಂಡೆಯಲ್ಲಿ ಇದ್ದವರು ನಾವು ನಾಲ್ಕೇ ಹೆಂಗಸರು: ಸುಂದ್ರವ್ವ, ಅವಳ ಮಗಳು ಮಹಾದೇವಿ, ಮಹಾದೇವಿಯ ಅತ್ತೆ ಗುರುಬಾಯಿ, ಮತ್ತೆ ನಾನು. ನಾನು ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಕಲಿಸಿ ರಿಟೈರ್ ಆದವಳು. ಮದುವೆಯಾಗಲಿಲ್ಲ, ಆಗಲಿಲ್ಲವೆಂಬ ಹಳಹಳಿಯೂ ಇಲ್ಲ. ಚಾಳಿನವರು ನನ್ನನ್ನು ಅಕ್ಕೋರು ಎಂದು ಕರೆಯುತ್ತಾರೆ, ನನ್ನ ಬಾಯಿಗೆ ಸ್ವಲ್ಪ ಹೆದರುತ್ತಾರೆ ಕೂಡ.

ಸುಂದ್ರವ್ವ ಸಿಂದಗಿ ಕಡೆಯವಳು. ಗಂಡ ನಿಂಗಣ್ಣ ಗೌಂಡಿ, ಇವಳು ಅವನ ಕೈಗೆ ಇಟ್ಟಿಗೆ ಎತ್ತಿ ಕೊಡುವವಳು. ಇಬ್ಬರೂ ಸೇರಿ ಅಂಧೇರಿಯಿಂದ ಬೋರಿವಲಿವರೆಗೆ ಎಷ್ಟೋ ಬಿಲ್ಡಿಂಗು ಎಬ್ಬಿಸಿದರು. ಮಹಾದೇವಿ ನನ್ನ ಕ್ಲಾಸಿನಲ್ಲಿ ಮಗ್ಗಿ ಕಲಿಯುತ್ತಿದ್ದ ವರ್ಷ ನಿಂಗಣ್ಣ ಸೂರತ್ ಕಡೆ ಕೆಲಸ ಸಿಕ್ಕಿದೆ ಎಂದು ಹೋದ. ಹೋದವನು ಹೋದ. ಫೋನು ಸ್ವಿಚ್ ಆಫ್. ಪೊಲೀಸ್ ಕಂಪ್ಲೇಂಟ್ ಆಯಿತು, ದೇವರ ಬಳಿ ಕೇಳಿಸಿದ್ದೂ ಆಯಿತು. ಒಬ್ಬ ವಾಪಿ ಸ್ಟೇಷನ್ನಿನಲ್ಲಿ ಕಂಡೆ ಎಂದ, ಇನ್ನೊಬ್ಬ ಗೋವಾದಲ್ಲಿ ಬೇರೆ ಸಂಸಾರ ಹೂಡಿದ್ದಾನೆ ಎಂದ, ಮತ್ತೊಬ್ಬ ಕಣ್ಣೊರೆಸಿಕೊಂಡು ಅವನು ಇನ್ನೆಲ್ಲಿ ಎಂದ. ಸುಂದ್ರವ್ವ ಯಾವುದನ್ನೂ ನಂಬಲಿಲ್ಲ, ಯಾವುದನ್ನೂ ತಳ್ಳಿಹಾಕಲಿಲ್ಲ. ಬಳೆ ತೆಗೆಯಲಿಲ್ಲ. ಜೋಳದ ರೊಟ್ಟಿ ಬಡಿದು ಮಾರಿ ಮಗಳನ್ನು ಬೆಳೆಸಿದಳು. ಆದರೆ ಲೋಕಲ್ ಹತ್ತಿದರೆ ಸಾಕು, ಎದುರಿನ ಗಾಡಿಯ ಬಾಗಿಲಲ್ಲಿ ಜೋತುಬಿದ್ದ ಗಂಡಸರ ಮುಖಗಳನ್ನೆಲ್ಲ ಅವಳ ಕಣ್ಣು ತಡಕಾಡುತ್ತಿತ್ತು. ಪಕ್ಕದಲ್ಲಿ ಕೂತಾಗ ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ.

ನಮ್ಮ ಕಡೆ ಹೆಂಗಸರಿಗೆ ಎರಡೇ ಸಾಲು. ಗಂಡನಿದ್ದವಳ ಸೆರಗಿಗೆ ಅಕ್ಕಿ, ಕಾಯಿ, ಕುಪ್ಪಸದ ಖಣ ಹಾಕಿ ಉಡಿ ತುಂಬುತ್ತಾರೆ, ಅವಳ ಕೈಯಲ್ಲೂ ತುಂಬಿಸುತ್ತಾರೆ. ಇಲ್ಲದವಳು ಗೋಡೆಗೆ ಒರಗಿ ಕೂರಬೇಕು. ಇದ್ದಾನೋ ಇಲ್ಲವೋ ಗೊತ್ತಿಲ್ಲದವಳನ್ನು ಎಲ್ಲಿ ಕೂರಿಸುತ್ತೀರಿ? ಈ ಹಾಳು ಲೆಕ್ಕ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಸುಂದ್ರವ್ವ ಯಾರಿಗೂ ತೊಂದರೆ ಬೇಡವೆಂದು ಕಾರ್ಯಗಳಿಗೆ ಹೋಗುವುದನ್ನೇ ಬಿಟ್ಟಿದ್ದಳು. ಮಗಳ ಮದುವೆಯಲ್ಲೂ ಧಾರೆ ಎರೆದದ್ದು ಊರಿಂದ ಬಂದ ಸುಂದ್ರವ್ವನ ಅಣ್ಣ ಅತ್ತಿಗೆ. ಇವಳು ಅಡುಗೆಯವರ ಹತ್ತಿರ ನಿಂತು ಸಾರಿಗೆ ಉಪ್ಪು ನೋಡುತ್ತಿದ್ದಳು.

ಈ ಸಲ ಮಾತ್ರ ಅವಳಿಗೆ ತಡೆಯಲಾಗಲಿಲ್ಲ. ಮಹಾದೇವಿ ಬಸುರಿ. ಐದನೇ ತಿಂಗಳಲ್ಲಿ ಕುಬಸ, ಅಂದರೆ ಬಸುರಿಗೆ ಹಸಿರು ಖಣದ ಕುಪ್ಪಸ ತೊಡಿಸಿ ಉಡಿ ತುಂಬುವ ಕಾರ್ಯ. ಮೊದಲ ಉಡಿ ತವರಿನ ತಾಯಿಯದು. ಗುರುಬಾಯಿ ನಮ್ಮ ಹಿಂದಿನ ಓಣಿಯವಳೇ, ಕೆಟ್ಟವಳಲ್ಲ. ಸೊಸೆಗೆ ಬಾದಾಮಿ ಸಿಪ್ಪೆ ಸುಲಿದು ತಿನ್ನಿಸುತ್ತಾಳೆ. ಆದರೆ ಚೊಚ್ಚಲ ಬಸುರಿನ ವಿಷಯ ಬಂದಾಗ ಅವಳ ಧೈರ್ಯವೆಲ್ಲ ಉಡುಗಿಹೋಯಿತು. ಬೀಗತಿ ಬರಲಿ, ಉಣ್ಣಲಿ, ಸೀರೆ ಉಡಿಸೋಣ, ಮೊದಲ ಉಡಿ ಮಾತ್ರ ಬೇರೆ ಯಾರಾದರೂ ತುಂಬಲಿ ಎಂದು ಹೇಳಿ ಕಳಿಸಿದಳು. ಸುಂದ್ರವ್ವ ಆ ದಿನ ನನ್ನೆದುರು ರೊಟ್ಟಿ ಬಡಿಯುತ್ತ ಕೂತಿದ್ದಳು, ಕೈ ನಿಲ್ಲಿಸಲಿಲ್ಲ.

"ಹೊಟ್ಟ್ಯಾಗ ಹೊತ್ತು ತಿರಗಿದಾಕಿ ನಾ. ಉಡಿ ತುಂಬಾಕ ಮಾತ್ರ ಬ್ಯಾಡಾದೆ ನೋಡ್ರಿ, ಅಕ್ಕೋರ."

ಗುರುಬಾಯಿಯ ಹತ್ತಿರ ಹೋಗಿ ಜಗಳ ಕಾಯುತ್ತೇನೆ ಎಂದು ನಾನು ಎದ್ದೇಬಿಟ್ಟಿದ್ದೆ. ಸುಂದ್ರವ್ವ ನನ್ನ ಸೆರಗು ಹಿಡಿದು ಕೂರಿಸಿದಳು. ಜಗಳವಾಡಿ ಪಡೆದ ಉಡಿ ಮಗಳ ಮೈಗೆ ಹತ್ತುವುದಿಲ್ಲವಂತೆ.

ಕುಬಸಕ್ಕೆ ಮುಂಚೆ ಸಂಕ್ರಾಂತಿ ಬಂತು. ಊರಲ್ಲಾದರೆ ಅವತ್ತು ಬುತ್ತಿ ಕಟ್ಟಿಕೊಂಡು ಹೊಳೆಗೆ ಹೋಗಿ, ಮಿಂದು, ಗಂಗವ್ವನಿಗೆ ಉಡಿ ತುಂಬಿ, ದಂಡೆಯಲ್ಲೇ ಕೂತು ಉಣ್ಣುವುದು. ಮುಂಬಯಿಯಲ್ಲಿ ಹೊಳೆ ಎಲ್ಲಿಂದ ತರೋಣ? ಇರುವುದು ಸಮುದ್ರ, ಅದೇ ನಮ್ಮ ಹೊಳೆ. ಮಹಾದೇವಿ ತನಗೆ ಸಮುದ್ರ ನೋಡುವ ಬಯಕೆಯಾಗಿದೆ, ಗೊರಾಯಿಗೇ ಹೋಗಬೇಕು ಎಂದು ಹಟ ಹಿಡಿದಳು. ಗುರುಬಾಯಿಗೆ ಪೀಕಲಾಟ. ಬಸುರಿ ನೀರು ದಾಟಬಾರದು, ಗೊರಾಯಿಗೆ ಹೋಗಲು ಖಾಡಿ, ಅಂದರೆ ಸಮುದ್ರದ ಹಿನ್ನೀರು, ದಾಟಲೇಬೇಕು. ಹಾಗೆಂದು ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ. ಎರಡು ದಿನ ತೂಗಿ ನೋಡಿ ಕೊನೆಗೆ ಕೂಸಿನ ಕಿವಿಯನ್ನೇ ಆರಿಸಿಕೊಂಡಳು.

ಬೋರಿವಲಿಯಲ್ಲಿ ಇಳಿದು, ಬಸ್ಸು ಹಿಡಿದು, ಫೆರಿ ದೋಣಿಯಲ್ಲಿ ಖಾಡಿ ದಾಟಿ ನಾವು ದಂಡೆ ಮುಟ್ಟುವಾಗ ಬಿಸಿಲು ಇನ್ನೂ ಎಳೆಯದು. ಸಮುದ್ರ ಎಲ್ಲಿ ಮುಗಿದು ಆಕಾಶ ಎಲ್ಲಿ ಸುರುವಾಗುತ್ತದೆ ಎಂದು ತಿಳಿಯದಷ್ಟು ಮಂಜು. ಅಲೆಗಳೂ ನಿದ್ದೆಯಿಂದ ಏಳಲು ಮನಸ್ಸಿಲ್ಲದೆ ಹೊರಳಾಡುತ್ತಿದ್ದವು. ಆ ಮಂಜಿನೊಳಗೆ, ದೂರದಲ್ಲಿ, ಕೆಂಪು ಹಳದಿಯ ಒಂದು ದೊಡ್ಡ ಛತ್ರಿ ಸದ್ದಿಲ್ಲದೆ ತೇಲುತ್ತಿತ್ತು. ಕೆಳಗೆ ಒಬ್ಬ ಮನುಷ್ಯ ಜೋತಾಡುತ್ತಿದ್ದ. ನಾವು ಮೂವರು ಮುದುಕಿಯರು ಬಾಯಿ ತೆರೆದು ನಿಂತೆವು. ಮಹಾದೇವಿ ಮಾತ್ರ ನಗುತ್ತಿದ್ದಳು.

ಅವಳ ಬಯಕೆ ಸಮುದ್ರ ನೋಡುವುದಾಗಿರಲಿಲ್ಲ. ಹಾರುವುದಾಗಿತ್ತು. ತಿಂಗಳಿಂದ ಮೊಬೈಲಿನಲ್ಲಿ ಪ್ಯಾರಾಸೇಲಿಂಗ್ ವಿಡಿಯೋ ನೋಡಿ ನೋಡಿ, ಕನಸಿನಲ್ಲೂ ಹಾರಿ, ಯಾರಿಗೂ ಹೇಳದೆ ತನ್ನ ಹೆಸರಲ್ಲಿ ಬುಕಿಂಗ್ ಕೂಡ ಮಾಡಿಬಿಟ್ಟಿದ್ದಳು. ಎಂಥ ಹುಚ್ಚು ಹುಡುಗಿ ಅಂತೀರಿ! ಹಾರಿಸುವವನ ಹೆಸರು ಹಿತೇಶ್. ಅವನು ಇವಳ ಹೊಟ್ಟೆ ನೋಡಿದವನೇ ಕೈಮುಗಿದ. ಹಿಂದಿಯಲ್ಲಿ ಎಷ್ಟು ಗೋಗರೆದರೂ ಒಪ್ಪಲಿಲ್ಲ, ಒಪ್ಪದೆ ಒಳ್ಳೆಯದನ್ನೇ ಮಾಡಿದ. ಮಹಾದೇವಿ ಮರಳಿನ ಮೇಲೆ ಕುಸಿದು ಕೂತು, ಸಣ್ಣವಳಿದ್ದಾಗ ಮಗ್ಗಿ ತಪ್ಪಿದರೆ ಅಳುತ್ತಿದ್ದಳಲ್ಲ, ಹಾಗೇ ಬಿಕ್ಕಿ ಬಿಕ್ಕಿ ಅತ್ತಳು. ಗುರುಬಾಯಿಗೆ ಆಗಲೇ ಸೋರುವ ಕಿವಿ ಕಣ್ಣಿಗೆ ಕಟ್ಟಿತ್ತು.

ಸುಂದ್ರವ್ವ ಮಗಳ ತಲೆಯ ಮೇಲೆ ಕೈ ಇಟ್ಟಳು. ಸೀರೆಯನ್ನು ಇಟ್ಟಿಗೆ ಹೊರುವ ಕಾಲದಲ್ಲಿ ಕಟ್ಟುತ್ತಿದ್ದ ಹಾಗೆ ಎತ್ತಿ ಕಚ್ಚೆ ಹಾಕಿದಳು.

"ನಾ ಹಾರತೀನಿ, ನೀ ನೋಡು. ಕಣ್ಣತುಂಬ ನೋಡಿದ್ರೂ ಬಯಕಿ ತೀರತೈತಿ."

ನಾನು ಬೈದೆ. ಮಹಾದೇವಿ "ಅವ್ವಾ, ಪಾಗಲ್ ಹೋ ಗಯೀ ಕ್ಯಾ" ಎಂದು ಅಳು ಮರೆತು ಎದ್ದಳು. ಸುಂದ್ರವ್ವ ಕೇಳುವ ಸ್ಥಿತಿಯಲ್ಲಿರಲಿಲ್ಲ. ಹಿತೇಶ್ ಅವಳಿಗೆ ಜಾಕೆಟ್ ತೊಡಿಸಿ, ತೊಡೆಗೆ, ಸೊಂಟಕ್ಕೆ ಪಟ್ಟಿ ಬಿಗಿಯತೊಡಗಿದ. ಹಿಂದೆ ಛತ್ರಿ ಮರಳಿನ ಮೇಲೆ ಹಾಸಿತ್ತು, ಮುಂದೆ ನೀರಿನಲ್ಲಿ ದೋಣಿ ಗುರ್ ಎನ್ನುತ್ತಿತ್ತು, ನಡುವೆ ಉದ್ದನೆಯ ಹಗ್ಗ. ನಾನು ಮಹಾದೇವಿಯ ಕೈ ಹಿಡಿದುಕೊಂಡೆ.

ಆಗ ಗುರುಬಾಯಿ ಓಡಿದಳು. ಆ ಭಾರದ ಹೆಂಗಸು ಮರಳಿನಲ್ಲಿ ಓಡಿದ್ದನ್ನು ನಾನು ಹಿಂದೆಂದೂ ನೋಡಿಲ್ಲ. ಕೈಯಲ್ಲಿ ಚೀಲ. ಗಂಗವ್ವನಿಗೆಂದು ಮನೆಯಿಂದ ತಂದ ಉಡಿ ಅದರಲ್ಲಿತ್ತು, ಇನ್ನೂ ಸಮುದ್ರಕ್ಕೆ ಕೊಟ್ಟಿರಲಿಲ್ಲ. ಗಂಡನ ಮನೆಗೆ ಹೊರಟ ಮಗಳಿರಲಿ, ಪರವೂರಿಗೆ ಹೊರಟ ಸೊಸೆಯಿರಲಿ, ಬರಿ ಸೆರಗಿನಲ್ಲಿ ಹೆಣ್ಣನ್ನು ಕಳಿಸಿ ಗುರುಬಾಯಿಗೆ ಗೊತ್ತಿಲ್ಲ. ಇವಳೋ ಆಕಾಶಕ್ಕೆ ಹೊರಟಿದ್ದಾಳೆ, ಬರುತ್ತಾಳೋ ಇಲ್ಲವೋ. ಆ ಗಾಬರಿಯಲ್ಲಿ ಅವಳಿಗೆ ಬೇರೇನೂ ನೆನಪಾಗಲಿಲ್ಲ. ಸುಂದ್ರವ್ವನ ಸೆರಗು ಜಗ್ಗಿ ಹಿಡಿದು, ಅಕ್ಕಿ ಸುರಿದು, ಖಣ ಇಟ್ಟು, ಅಡಿಕೆ, ಅರಿಶಿನ ಕೊಂಬು, ಉತ್ತತ್ತಿ ಎಲ್ಲ ಹಾಕಿ, ಹಣೆಗೆ ಕುಂಕುಮ ಹಚ್ಚಿ, ಹುಷಾರಾಗಿ ಹೋಗಿ ಬಾ ಬೀಗತಿ ಎಂದು ಗಂಟು ಕಟ್ಟಿಯೇಬಿಟ್ಟಳು. ತೆಂಗಿನಕಾಯಿ ಕಂಡು ಹಿತೇಶ್ ಗಾಬರಿಯಾಗಿ ಅದೊಂದನ್ನು ಕಿತ್ತುಕೊಂಡ. ಅದು ಜಾರಿ ಯಾರ ತಲೆಯ ಮೇಲಾದರೂ ಬಿದ್ದರೆ ತನ್ನ ಧಂದೆ ಮುಗಿಯಿತು ಎಂದ.

ಸುಂದ್ರವ್ವ ಉಡಿಯ ಮೇಲೆ ಕೈ ಇಟ್ಟುಕೊಂಡು ಗುರುಬಾಯಿಯನ್ನು ನೋಡಿದಳು. ಇಷ್ಟು ವರ್ಷಗಳ ಮೇಲೆ ಅವಳ ಸೆರಗಿಗೆ ಅಕ್ಕಿ ಬಿದ್ದಿತ್ತು. ಅಷ್ಟರಲ್ಲಿ ದೋಣಿ ಹೊರಟಿತು, ಹಿತೇಶ್ ಓಡು ಓಡು ಎಂದು ಕೂಗಿದ, ಅವಳು ನಾಲ್ಕು ಹೆಜ್ಜೆ ಓಡಿರಬೇಕು, ಐದನೆಯದಕ್ಕೆ ಕಾಲ ಕೆಳಗೆ ನೆಲವಿರಲಿಲ್ಲ.

ಅವಳು ಏರಿದಳು. ತೆಂಗಿನ ಮರ ದಾಟಿ, ಹದ್ದು ಸುತ್ತುವ ಎತ್ತರ ದಾಟಿ, ಮಂಜಿನ ಒಳಗೆ ಹೋದಳು. ಕಾಲಿನ ಬೆಳ್ಳಿ ಕಡಗ ಒಮ್ಮೆ ಬಿಸಿಲಿಗೆ ಮಿಂಚಿ ಆರಿತು. ಪಟ್ಟಿಗೆ ಸಿಕ್ಕು ಉಡಿಯ ಗಂಟು ಸಡಿಲಾಗಿರಬೇಕು, ಅಕ್ಕಿ ಉದುರತೊಡಗಿತು. ಅಷ್ಟು ಎತ್ತರದಿಂದ ಅಕ್ಕಿಕಾಳು ನಿಮಗೆ ಹೇಗೆ ಕಂಡಿತು ಎಂದು ಕೇಳಬೇಡಿ, ನನಗೆ ಕಂಡಿತು. ಬೆಳಕಿನ ಒಂದು ಎಳೆ ಮೇಲಿಂದ ಸಮುದ್ರದವರೆಗೆ ಮೆಲ್ಲಗೆ ಇಳಿಯುತ್ತಿತ್ತು. ಗುರುಬಾಯಿ ತಲೆಯ ಮೇಲೆ ಸೆರಗು ಹೊದ್ದು ಗಂಗವ್ವನಿಗೆ ಕೈಮುಗಿದಳು. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ, ನನ್ನ ಕಾಲ ಮೇಲೆ ಅಲೆ ಬಂದು ಹೋದದ್ದೂ ತಿಳಿಯಲಿಲ್ಲ. ಮಹಾದೇವಿ ಒಂದು ಕೈ ಹೊಟ್ಟೆಯ ಮೇಲಿಟ್ಟು, ಇನ್ನೊಂದರಿಂದ ಚೂಡಿದಾರದ ಗಿಳಿಹಸಿರು ಓಢಣಿಯನ್ನು ಬೀಸುತ್ತ, ತಾನೇ ಹಾರುತ್ತಿರುವವಳ ಹಾಗೆ ತುದಿಗಾಲಲ್ಲಿ ನಿಂತಿದ್ದಳು.

ಇಳಿದ ಮೇಲೆ ಸುಂದ್ರವ್ವ ಸಡಿಲಾದ ಉಡಿಯ ಗಂಟು ಬಿಗಿದುಕೊಂಡು ನಮ್ಮ ಹತ್ತಿರ ಬಂದಳು. ಬುತ್ತಿ ಬಿಚ್ಚಿ ಎಳ್ಳು ಹಚ್ಚಿದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಬಡಿಸಿದೆವು. ತುತ್ತು ಕೈಯಲ್ಲೇ ಹಿಡಿದು ಕೂತಿದ್ದಳು. ಆಮೇಲೆ ಒಂದೊಂದಾಗಿ ಹೇಳಿದಳು. ಮೇಲೆ ಸದ್ದೇ ಇಲ್ಲವಂತೆ. ತಾನು ಕಟ್ಟಿದ ಬಿಲ್ಡಿಂಗುಗಳೆಲ್ಲ ಆಚೆ ದಡದಲ್ಲಿ ಒಟ್ಟಿದ ಇಟ್ಟಿಗೆಗಳಷ್ಟೇ ಇದ್ದವಂತೆ. ಮೈಗೆ ಭಾರವೇ ಇರಲಿಲ್ಲ, ಇದು ನಾನೇ ಹೌದೋ ಅಲ್ಲವೋ ಎಂದು ಬಳೆ ಮುಟ್ಟಿ ನೋಡಿಕೊಂಡಳಂತೆ.

"ಅಲ್ಲಿಂದ ಯಾರ ಮಾರಿನೂ ಕಾಣಂಗಿಲ್ರಿ, ಅಕ್ಕೋರ. ಮಾದೇವಿ ಓಢಣಿ ಒಂದ ಕಂಡತು. ಅದನ್ನ ನೋಡಕೋತ ಇದ್ದೆ. ಇಷ್ಟ ವರ್ಷದಾಗ ಇವತ್ತ ಅಂವನ್ನ ಹುಡಕೂದ ಮರತೆ."

ಹೇಳಿ ರೊಟ್ಟಿ ಮುರಿದು ಊಟ ಸುರುಮಾಡಿದಳು. ಗುರುಬಾಯಿ ಅಷ್ಟು ಹೊತ್ತಿಗೆ ತಾನು ಏನು ಮಾಡಿಬಿಟ್ಟೆ ಎಂದು ಎಚ್ಚರಾಗಿದ್ದಳು. ಬೀಗತಿಯ ಹಣೆಯ ಕುಂಕುಮವನ್ನು ನೋಡುವುದು, ಕಣ್ಣು ತಗ್ಗಿಸುವುದು, ಹೋಳಿಗೆಗೆ ತುಪ್ಪ ಹಾಕಿಕೊಳ್ಳುವುದು. ಅವಳ ಬಟ್ಟಲಲ್ಲಿ ತುಪ್ಪವೇ ಹೆಚ್ಚಾಗಿತ್ತು. ಒಮ್ಮೆ ತುಂಬಿದ ಉಡಿಯನ್ನು ತಿರುಗಿ ತೆಗೆಯುವ ಶಾಸ್ತ್ರ ನಮ್ಮಲ್ಲಿ ಇಲ್ಲ.

ಸಂಜೆ ಫೆರಿ ಹತ್ತಿದೆವು. ನೀರು ತಾಮ್ರದ ಬಣ್ಣಕ್ಕೆ ತಿರುಗಿತ್ತು, ಜನ ಮರಳು ಮೆತ್ತಿದ ಕಾಲು ಚಾಚಿಕೊಂಡು ತೂಕಡಿಸುತ್ತಿದ್ದರು. ಮಹಾದೇವಿ ಹಿಂದೆ ತಿರುಗಿ, ಮುಳುಗುವ ಸೂರ್ಯನನ್ನು ಮೊಬೈಲಿನಲ್ಲಿ ಹಿಡಿಯುತ್ತಿದ್ದಳು. ದೋಣಿ ಖಾಡಿಯ ನಡುವೆ ಬಂದಾಗ ಸುಂದ್ರವ್ವ ಎದ್ದು ನಿಂತು ಸೊಂಟದ ಗಂಟು ಬಿಚ್ಚಿದಳು. ಗಾಳಿಗೆ ಹೋಗಿ ಉಳಿದ ಅಕ್ಕಿ ಇನ್ನೂ ಕೆಲವು ಬೊಗಸೆಯಷ್ಟಿತ್ತು, ಸಮುದ್ರದ ತುಂತುರಿಗೆ ತೇವವಾಗಿ.

"ಮಾದೇವಿ, ಏಳು. ಓಢಣಿ ಒಡ್ಡು."

ಮಹಾದೇವಿ ಎದ್ದಳು. ಎದ್ದವಳು ಅತ್ತೆಯ ಮುಖ ನೋಡಿದಳು. ಗುರುಬಾಯಿ ಅಲುಗಾಡಲಿಲ್ಲ. ನಾನು ಜಗಳಕ್ಕೆ ಬೇಕಾದ ಮಾತನ್ನೆಲ್ಲ ನಾಲಿಗೆಯ ತುದಿಯಲ್ಲಿಟ್ಟುಕೊಂಡು ಕೂತೆ.

"ಆಕಿ ಕಡಿ ಏನ ನೋಡ್ತಿ. ಅಂವ ಇದ್ರೂ ಅಷ್ಟ, ಇಲ್ಲಂದ್ರೂ ಅಷ್ಟ. ನಿನ್ನ ತಾಯಿ ನಾ ಇದ್ದೀನಿ," ಎಂದಳು ಸುಂದ್ರವ್ವ. ದನಿ ಏರಲಿಲ್ಲ, ಬೊಗಸೆ ತುಂಬ ಅಕ್ಕಿ ಎತ್ತಿ ಹಿಡಿದಳು.

ಮಹಾದೇವಿ ಮೆಲ್ಲಗೆ ಓಢಣಿ ಬಿಡಿಸಿ ಒಡ್ಡಿದಳು. ಗುರುಬಾಯಿ ತಟಕ್ಕನೆ ಎದ್ದಳು. ದೋಣಿ ಒಂದು ಕಡೆ ವಾಲಿತು, ನಾವಿಕ ಕೂರಿ ಎಂದು ಗದರಿದ. ಅವಳು ಕೇಳಿಸಿಕೊಳ್ಳದೆ ಬಂದು ಸೊಸೆಯ ಎರಡೂ ಭುಜ ಹಿಡಿದಳು.

"ಪಡುವಣಕ್ಕ ಮಾರಿ ಮಾಡಿ ಉಡಿ ತುಂಬಿಸಿಕೋತಾರೇನವಾ? ಇತ್ತಾಗ ತಿರಗು, ಮೂಡಲಕ್ಕ."

ತಾನೇ ಅವಳನ್ನು ತಿರುಗಿಸಿ ನಿಲ್ಲಿಸಿದಳು. ಓಢಣಿಯ ಒಂದು ಅಂಚು ಗಾಳಿಗೆ ಹಾರದ ಹಾಗೆ ಹಿಡಿದುಕೊಂಡಳು, ಕಣ್ಣು ಒರೆಸಿಕೊಳ್ಳಲು ಕೈ ಇಲ್ಲದೆ ನೀರು ಹಾಗೇ ಇಳಿಯಿತು. ಸುಂದ್ರವ್ವ ಬೊಗಸೆ ಬೊಗಸೆಯಾಗಿ ಅಕ್ಕಿ ತುಂಬಿದಳು, ಖಣ ಇಟ್ಟಳು, ಮಗಳ ಮುಖ ನೀವಿ ನೆಟಿಕೆ ಮುರಿದಳು. ನಾನು ಅತ್ತುಬಿಟ್ಟೆ. ಯಾಕೆ ಸುಳ್ಳು ಹೇಳಲಿ, ದೋಣಿಯವರೆಲ್ಲ ನೋಡುವ ಹಾಗೆ ಅತ್ತೆ.

ಕುಬಸದ ದಿನ ಮನೆ ತುಂಬ ಜನ. ಗುರುಬಾಯಿ ಮುತ್ತೈದೆಯರನ್ನು ಸಾಲಾಗಿ ಕೂರಿಸಿದಳು. ಯಾರೋ ಒಬ್ಬಳು ಮೊದಲ ಉಡಿ ಯಾರದು ಎಂದು ಕೇಳಿದಳು. ಅದು ಬೀಗತಿಯದು, ಸಂಕ್ರಾಂತಿಗೇ ಆಗಿದೆ, ನೀ ಎರಡನೆಯದು ತುಂಬು ಎಂದಳು ಗುರುಬಾಯಿ.