ಕಣ್ಣು ಕಟ್ಟಿ ನಡೆಯುವ ಪಂದ್ಯ

ಅಡರಕಟ್ಟಿಯ ಉಳವಪ್ಪ ಯಾವ ಹಬ್ಬವನ್ನೂ ಮನೆಯಲ್ಲಿ ಕುಳಿತು ಕಳೆದವನಲ್ಲ. ಸೀಗಿ ಹುಣ್ಣಿಮೆಗೆ ಹೊಲ, ಸಂಕ್ರಾಂತಿಗೆ ತುಂಗಭದ್ರೆಯ ದಂಡೆ, ಶ್ರಾವಣ ಸೋಮವಾರಕ್ಕೆ ಕಪ್ಪತಗುಡ್ಡ. ಮಗ ಸಿದ್ದಾರೂಢ ಟ್ರ್ಯಾಕ್ಟರ್ ನಡೆಸಿದರೆ ಹಿಂದಿನ ಟ್ರೇಲರಿನಲ್ಲಿ ಮನೆಯವರು, ಓಣಿಯವರು, ಬೀಗರು, ಹಾದಿಯಲ್ಲಿ ಕೈ ಮಾಡಿದವರು ಎಲ್ಲರೂ ತುಂಬಿರುತ್ತಿದ್ದರು. ಹೆಂಡತಿ ಕಸ್ತೂರೆವ್ವ ಬಡಿದ ಸಜ್ಜೆ ರೊಟ್ಟಿಯ ಗಂಟು, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರಿನ ಗಡಿಗೆ ಇವೆಲ್ಲ ಅವನ ಕಾಲ ಬಳಿ. ಅವನು ಮಾತ್ರ ಮುಂದಿನ ಸರಳು ಹಿಡಿದು ನಿಂತೇ ಬರುವವನು. ಇದು ಡೋಣಿ ಊರು, ಅದು ಇಂಥವರ ಹೊಲ, ಅಲ್ಲಿ ಕಾಣುವುದು ಗುಡ್ಡದ ಮಲ್ಲಯ್ಯನ ಹಾದಿ ಎಂದು ಕೈ ಚಾಚಿ ತೋರಿಸುತ್ತಿದ್ದ.

ಜನ ಅವನ ಜೊತೆ ಬರುತ್ತಿದ್ದುದು ರೊಟ್ಟಿಗಿಂತ ಹೆಚ್ಚಾಗಿ ಅವನ ಬಾಯಿಗಾಗಿ. ಯಾರ ಮೂಗು, ಯಾರ ನಡಿಗೆ, ಯಾರ ಸೊಸೆ, ಒಂದನ್ನೂ ಅವನು ಬಿಡುತ್ತಿರಲಿಲ್ಲ. ಅನ್ನಿಸಿಕೊಂಡವರೂ ಎಲ್ಲರೊಡನೆ ನಗಬೇಕಾಗಿತ್ತು. ಮುಖ ಬಿಗಿದವರಿಗೆ ಮುಂದಿನ ಸಲ ಕರೆ ಬರುತ್ತಿರಲಿಲ್ಲ.

ಎದುರುಮನೆಯ ಗಾಳೆಪ್ಪ ಅವನ ಬಾಲ್ಯದ ಗೆಳೆಯ. ಕೆಲವು ವರ್ಷಗಳ ಹಿಂದೆ ಸಕ್ಕರೆ ಕಾಯಿಲೆಯಿಂದ ಗಾಳೆಪ್ಪನ ಎರಡೂ ಕಣ್ಣು ಹೋದವು. ಆ ವರ್ಷದ ಶ್ರಾವಣದಲ್ಲೂ ಅವನು ಎಂದಿನಂತೆ ಒಗೆದ ಧೋತರ ಉಟ್ಟು, ಕೈಚೀಲ ಹಿಡಿದು, ಗೋಡೆ ಸವರುತ್ತ ಬಂದು ಟ್ರೇಲರಿನ ಬಳಿ ನಿಂತ.

"ಗಾಳೆಪ್ಪಾ, ಗುಡ್ಡಕ್ಕ ಬಂದು ನೀ ಏನ ನೋಡಾಂವ?" ಎಂದ ಉಳವಪ್ಪ ಮೇಲಿನಿಂದ. "ಮನ್ಯಾಗ ಕುಂಡ್ರು. ಹ್ಯಾಂಗ ಕಂಡ್ತು ಅಂತ ಬಂದ ಮ್ಯಾಲ ನಾ ಹೇಳ್ತೀನಿ."

ಟ್ರೇಲರಿಗೆ ಟ್ರೇಲರೇ ನಕ್ಕಿತು. ಗಾಳೆಪ್ಪನೂ ನಕ್ಕ. "ಆತಪಾ, ಬಂದು ಹೇಳು" ಎಂದು ಗೋಡೆ ಹಿಡಿದು ಹಿಂದಿರುಗಿ ತನ್ನ ಕಟ್ಟೆಯ ಮೇಲೆ ಕುಳಿತ. ಸಂಜೆ ಮರಳಿದಾಗ ಅವನಿಗೆ ಹೇಳಬೇಕೆಂಬುದು ಯಾರಿಗೂ ನೆನಪಾಗಲಿಲ್ಲ. ಬರಬರುತ್ತ ಅವನನ್ನು ಮದುವೆ ಮುಂಜಿಗೂ ಕರೆಯುವುದು ನಿಂತಿತು. ಸೊಸೆ ಅವನ ಮಂಚದಿಂದ ಬಚ್ಚಲಿನವರೆಗೆ ಒಂದು ಹಗ್ಗ ಕಟ್ಟಿಕೊಟ್ಟಳು. ಅವನ ತಿರುಗಾಟ ಆ ಹಗ್ಗದಷ್ಟು ಉದ್ದದ್ದಾಯಿತು. ಉಳವಪ್ಪನ ಆ ಮಾತು ಮಾತ್ರ ಅವನದೇ ಮನೆಯಲ್ಲಿ ಉಳಿದುಕೊಂಡಿತು. ಯಾರು ಎಲ್ಲಿಗೆ ಬರುತ್ತೇನೆಂದರೂ, "ನೀ ಬಂದು ಏನ ನೋಡಾಂವ, ಬಂದ ಮ್ಯಾಲ ನಾ ಹೇಳ್ತೀನಿ" ಎಂದು ಮಕ್ಕಳು ಮೊಮ್ಮಕ್ಕಳೆಲ್ಲ ಅಂದು ನಗುವುದು ರೂಢಿಯಾಯಿತು.

ಆಮೇಲೆ ಉಳವಪ್ಪನ ಕಣ್ಣಂಚಿನಲ್ಲಿ ಹೊಗೆ ಸೇರತೊಡಗಿತು. ಗಂಡ ಹೆಂಡತಿ ಬೆಟಗೇರಿಗೆ ಸೀರೆ ತರಲು ಹೋಗುತ್ತೇವೆಂದು ಹೇಳಿ ಗದಗಿನ ಕಣ್ಣಿನ ಡಾಕ್ಟರರ ಬಳಿಗೆ ಹೋದರು. ಡಾಕ್ಟರರು ಬಹಳ ಹೊತ್ತು ಬೆಳಕು ಬಿಟ್ಟು ನೋಡಿದರು.

"ಬರೂದು ತಡಾ ಆತ್ರಿ, ಅಜ್ಜಾರ. ಕಣ್ಣಿನ ನರಾ ಒಣಗ್ಯಾವು. ಹೋದದ್ದು ತಿರಗಿ ಬರಂಗಿಲ್ಲ. ಈ ಹನಿ ಹಾಕ್ಕೊಂಡ್ರ ಉಳದದ್ದು ಸ್ವಲ್ಪ ನಿಧಾನ ಹೋಗ್ತೈತಿ, ಅಷ್ಟ."

ಮರಳುವ ಬಸ್ಸಿನಲ್ಲಿ, ಊರು ಸಮೀಪ ಬಂದಾಗ ಉಳವಪ್ಪ ಹೆಂಡತಿಯ ಕಿವಿಯ ಬಳಿ ಬಾಗಿದ.

"ಯಾರಿಗೂ ಹೇಳಬ್ಯಾಡ. ಹೇಳಿದ ದಿನಾನ ನನ್ನ ಗಾಳೆಪ್ಪನ ಬಾಜೂಕ ಕುಂಡ್ರಸ್ತಾರ."

"ಸಿದ್ದುಗರ ಹೇಳೂಣ್ರಿ. ಹೊಟ್ಟಿಲೆ ಹುಟ್ಟಿದಾಂವ."

"ಅಂವನ ಮೊದಲ ಕುಂಡ್ರಸ್ತಾನ."

ಅಂದಿನಿಂದ ಕಸ್ತೂರೆವ್ವ ಗಂಡನ ಕಣ್ಣಾದಳು. ತಾಟಿನಲ್ಲಿ ಪಲ್ಲೆ ಯಾವ ಕಡೆ, ಹಿಂಡಿ ಯಾವ ಕಡೆ ಎಂಬುದನ್ನು ಎಂದೂ ಬದಲಿಸಲಿಲ್ಲ. ಎದುರಿಗೆ ಯಾರಾದರೂ ಬಂದರೆ, "ದುರ್ಗೇಶ ಬಂದಾನ ನೋಡ್ರಿ, ಚಾ ಇಡ್ಲ್ಯಾ?" ಎಂದು ಗಟ್ಟಿಯಾಗಿ ಕೇಳುತ್ತಿದ್ದಳು. ಉಳವಪ್ಪನೂ ಊರನ್ನು ಅಂಗಾಲಿನಿಂದ ಕಲಿತುಕೊಂಡ. ಹನುಮಪ್ಪನ ಗುಡಿಯ ಮುಂದಿನ ಹಾಸುಗಲ್ಲು, ನಳದ ಬಳಿಯ ಕೆಸರು, ಹಿಟ್ಟಿನ ಗಿರಣಿಯ ಸದ್ದು ಮತ್ತು ಬಿಸಿ ಹಿಟ್ಟಿನ ವಾಸನೆ, ಅದನ್ನು ದಾಟಿದರೆ ಊರಬಾಗಿಲು, ಅಗಸಿಯ ಬೇವಿನಮರದ ತಂಪು. ಬೆಳಕು ಕತ್ತಲೆಗಳ ಗುರುತು ಬಿಟ್ಟರೆ ಅವನ ಕಣ್ಣಲ್ಲಿ ಏನೂ ಉಳಿಯದಂತಾದಾಗಲೂ ಅವನು ಮೀಸೆ ತಿರುವುತ್ತ ಆ ಹಾದಿಯಲ್ಲಿ ನಡೆಯುತ್ತಿದ್ದ.

ಊರಲ್ಲಿ ಇದನ್ನು ಗುರುತಿಸಿದವನು ಗಾಳೆಪ್ಪ ಒಬ್ಬನೇ.

"ಉಳವಪ್ಪಾ, ನಿನ್ನ ಕಾಲಿನ ಸಪ್ಪಳ ಬ್ಯಾರೆ ಆಗೇತಲಾ" ಎಂದ ಒಂದು ದಿನ ಕಟ್ಟೆಯ ಮೇಲಿನಿಂದ. "ಮೊದಲ ನೆಲಾ ತುಳೀತಿದ್ದಿ. ಈಗ ಕೇಳಿ ಕಾಲಿಡಾಕತ್ತಿ."

"ವಯಸ್ಸಾತಲೇ."

"ಹೂಂ. ನನಗೂ ಹಂಗ ಶುರು ಆಗಿತ್ತು."

ಆದರೂ ತಿರುಗಾಟ ನಿಲ್ಲಲಿಲ್ಲ. ಟ್ರೇಲರಿನ ಮುಂದೆ ನಿಂತು, ಗಾಳಿಯ ತಿರುವಿನಿಂದ ರಸ್ತೆಯ ತಿರುವು ತಿಳಿದು, ಅವನು ಎಂದಿನಂತೆ ಕೈ ಚಾಚಿ ತೋರಿಸುತ್ತಿದ್ದ. ಒಮ್ಮೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಹೇಗೆ ತಿರುಗುತ್ತಿವೆ ನೋಡಿರೆಂದು ತೋರಿಸಿದಾಗ, ಮಗಳು ವಾಣಿಶ್ರೀಯ ಹುಡುಗಿ ಅಂಕಿತಾ, "ಎಲ್ಲಿ ತಿರಗಾಕತ್ತಾವ ಅಜ್ಜಾ, ಎಲ್ಲಾ ನಿಂತಾವಲಾ" ಎಂದಳು. "ನೀ ನೋಡಿದಿ ನೋಡು, ಅಂಜಿ ನಿಂತಾವು" ಎಂದ ಉಳವಪ್ಪ. ಎಲ್ಲರೂ ನಕ್ಕರು. ಕಸ್ತೂರೆವ್ವ ರೊಟ್ಟಿಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು.

ನಮ್ಮ ಕಡೆ ನಾಗರಪಂಚಮಿಯೆಂದರೆ ಉಂಡಿ, ಜೋಕಾಲಿ ಮತ್ತು ಪಂದ್ಯ. ಹಾಲೆರೆದ ಮೇಲೆ ತವರಿಗೆ ಬಂದ ಹೆಣ್ಣುಮಕ್ಕಳು ಬೇವಿನಮರದ ಜೋಕಾಲಿಗೆ ಹೋದರೆ, ಗಂಡಸರು ಲಿಂಬೆಹಣ್ಣು ಎಸೆಯುತ್ತಾರೆ, ಗುಂಡು ಎತ್ತುತ್ತಾರೆ. ಅಡರಕಟ್ಟಿಯವರಿಗೆ ಎಲ್ಲಕ್ಕಿಂತ ಮೋಜಿನದು ಕಣ್ಣು ಕಟ್ಟಿ ನಡೆಯುವ ಪಂದ್ಯ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಗುಡಿಯಿಂದ ಹೊರಟು, ಯಾರ ಮಾತೂ ಕೇಳದೆ, ಅಗಸಿಯ ಬೇವಿನಮರವನ್ನು ಮುಟ್ಟಬೇಕು. ನೋಡುವವರು ಬಾಯಿ ಬಿಟ್ಟು ದಾರಿ ಹೇಳಿದರೆ ಪಂದ್ಯ ಸೋತ ಹಾಗೆ. ಗೆದ್ದವನ ತಲೆಗೆ ಕೆಂಪು ರುಮಾಲು ಸುತ್ತಿ, ಜೋಕಾಲಿಯನ್ನು ಮೊದಲು ತೂಗುವ ಮಾನವನ್ನು ಅವನಿಗೇ ಕೊಡುತ್ತಾರೆ. ಒಬ್ಬನು ತಿಪ್ಪೆಗೆ ಬೀಳುತ್ತಾನೆ, ಇನ್ನೊಬ್ಬನು ಎಮ್ಮೆಯನ್ನು ತಬ್ಬಿಕೊಳ್ಳುತ್ತಾನೆ. ಊರೆಲ್ಲ ಹೊಟ್ಟೆ ಹಿಡಿದು ನಗುತ್ತದೆ.

ಕಣ್ಣು ಹೋಗತೊಡಗಿದಾಗಿನಿಂದ ಈ ಪಂದ್ಯವನ್ನು ಉಳವಪ್ಪ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಉಳಿದವರು ಆ ದಿನದ ಮಟ್ಟಿಗೆ ಕುರುಡರಾಗುತ್ತಿದ್ದರು. ಅವನು ವರ್ಷವಿಡೀ ಅದರಲ್ಲೇ ಇದ್ದವನು. ಕಣ್ಣಿಗೆ ಬಟ್ಟೆ ಬಿದ್ದ ಆ ಸ್ವಲ್ಪ ಹೊತ್ತು ಅವನು ಏನನ್ನೂ ನಟಿಸಬೇಕಾಗಿರಲಿಲ್ಲ.

ಈ ಸಲದ ಪಂಚಮಿಗೆ ಮುಂಡರಗಿಯಿಂದ ವಾಣಿಶ್ರೀ ಮಗಳೊಡನೆ ಬಂದಿದ್ದಳು. ಅಜ್ಜನೇ ಮೊದಲ ಜೋಕಾಲಿ ತೂಗಬೇಕೆಂದು ಅಂಕಿತಾ ಆಗಲೇ ಹಲಗೆಯ ಮೇಲೆ ಏರಿ ಕುಳಿತಿದ್ದಳು. ಉಳವಪ್ಪ ಎಂದಿನಂತೆ ಹೋಗಿ ಮರ ಮುಟ್ಟಿದ. ಆದರೆ ಪ್ರತಿ ಸಲ ಸೋಲುತ್ತಿದ್ದ ಓಣಿಯ ದುರ್ಗೇಶ ಈ ಸಲ ಸುಮ್ಮನಿರಲಿಲ್ಲ. ದುರ್ಗೇಶನ ತೊದಲುವ ಮಾತನ್ನು ಉಳವಪ್ಪ ಟ್ರೇಲರಿನಲ್ಲಿ ಅಣಕಿಸದ ವರ್ಷವಿರಲಿಲ್ಲ.

"ಕಾ... ಕಾಕಾಗ ಬಟ್ಟ್ಯಾಗಿಂದ ಕಾಣತೈತಿ. ಕಾಣದಾಂವ ಹಿಂಗ ನಡಿಯೂದ ಇಲ್ಲ."

ಹಳೆಯ ಛತ್ರಿಯ ಕರಿಬಟ್ಟೆ ತಂದು ಮಡಚಿ ಕಟ್ಟಿದರು. ಉಳವಪ್ಪ ಮತ್ತೆ ಮರ ಮುಟ್ಟಿದ. ಆಗಲೂ ಯಾರೂ ಒಪ್ಪಲಿಲ್ಲ. "ಮೂಗಿನ ಸಂದ್ಯಾಗ ನೋಡ್ತಾನ್ರಿ." "ಇಷ್ಟ ವರ್ಷ ಕಳ್ಳಾಟ ಆಡಿ ರುಮಾಲು ಸುತ್ಕೊಂಡಾನ." ಒಬ್ಬೊಬ್ಬರೂ ಒಂದೊಂದು ಅಂದರು. ಅವನಿಂದ ಅನ್ನಿಸಿಕೊಂಡು ನಕ್ಕವರೇ ಎಲ್ಲರೂ. ಕಳ್ಳನೆಂಬ ಮಾತನ್ನು ಅಳಿಸಲು ಉಳವಪ್ಪ ಒಂದೇ ಒಂದು ನಿಜ ಹೇಳಿದರೆ ಸಾಕಾಗಿತ್ತು. ಅದೊಂದನ್ನೇ ಅವನು ಹೇಳುವಂತಿರಲಿಲ್ಲ.

"ಇನ್ನೊಮ್ಮಿ ಕಟ್ರಿ" ಎಂದ. "ನಿಮ್ಮ ಕೈಯಾಗ ಏನೈತಿ ಅದನ್ನ ಕಟ್ರಿ."

ಕಟ್ಟಿದರು. ಕಟ್ಟಿದ ಮೇಲೆ ದುರ್ಗೇಶ ಬಾಯಿಯ ಮೇಲೆ ಬೆರಳಿಟ್ಟು, ಗಿರಣಿಯ ಗೋಡೆಗೆ ಒರಗಿಸಿಟ್ಟಿದ್ದ, ಹೊಲ ಹರಗುವ ಕುಂಟೆಯನ್ನು ತೋರಿಸಿದ. ಇಬ್ಬರು ಅದನ್ನು ಸದ್ದಿಲ್ಲದೆ ಎತ್ತಿ ತಂದು, ಕಬ್ಬಿಣದ ಕುಳ ಮೇಲಾಗುವಂತೆ ಹಾದಿಗೆ ಅಡ್ಡ ಮಲಗಿಸಿದರು. ಕಾಣುತ್ತಿದ್ದರೆ ದಾಟಿ ಹೋಗುತ್ತಾನೆ, ಆಗ ಸಿಕ್ಕಿಬೀಳುತ್ತಾನೆ ಎಂಬುದು ಎಲ್ಲರಿಗೂ ತಿಳಿಯಿತು. ನಗೆಯನ್ನು ಸೆರಗಿನಲ್ಲಿ, ಟವೆಲಿನಲ್ಲಿ ಮುಚ್ಚಿಕೊಂಡರು.

ಕಸ್ತೂರೆವ್ವ ಜೋಕಾಲಿಯ ಬಳಿ ನಿಂತಿದ್ದಳು. ಅವಳು ಒಂದು ಹೆಜ್ಜೆ ಮುಂದೆ ಇಟ್ಟಳು.

"ಕಾಕೂ, ನೀ ಬಾಯಿ ಬಿಟ್ಟಿ ಅಂದ್ರ ಕಾಕಾ ಕಳ್ಳ ಅಂತ ನೀನ ಒಪ್ಪಿದಂಗ" ಎಂದ ದುರ್ಗೇಶ ಅವಳ ಕಿವಿಯ ಬಳಿ, ತೊದಲದೆ.

ಕೂಗಿದರೆ ಗಂಡ ಕಳ್ಳನಾಗುತ್ತಾನೆ. ಕಾಣದು ಎಂದು ಹೇಳಿದರೆ ಕಟ್ಟೆ ಸೇರುತ್ತಾನೆ. ಅವಳು ಸುಮ್ಮನೆ ನಿಂತು ನೋಡಿದಳು. ಉಳವಪ್ಪ ಹಾಸುಗಲ್ಲು ದಾಟಿದ, ಕೆಸರನ್ನು ಬಳಸಿದ, ಗಿರಣಿಯ ಸದ್ದಿಗೆ ಕಿವಿಗೊಟ್ಟು ಮೈ ತಿರುಗಿಸಿ, ಎದೆಯುಬ್ಬಿಸಿ ನಡೆದ. ಕುಳ ಮೊಣಕಾಲ ಕೆಳಗೆ ಎಲುಬಿಗೆ ಹೊಡೆಯಿತು. ಅವನು ಕುಂಟೆಯ ಮೇಲಿಂದ ಮುಖ ಅಡಿಯಾಗಿ ಬಿದ್ದ.

ಊರೇ ಸಿಳ್ಳೆ ಹೊಡೆಯಿತು. ದುರ್ಗೇಶ ಓಡಿ ಬಂದು ಬಟ್ಟೆ ಬಿಚ್ಚಿ, "ತಪ್ಪಾತ ಕಾಕಾ, ಖರೇನ ಕಾ... ಕಾಣಂಗಿಲ್ಲ ನಿನಗ" ಎಂದು ಎಬ್ಬಿಸಿದ. ಯಾರೋ ಕುಂಟೆಯನ್ನು ಎಳೆದು ಗೋಡೆಯ ಕಡೆಗೆ ಸರಿಸಿದರು. ಇನ್ಯಾರೋ ಅವನ ತಲೆಗೆ ಕೆಂಪು ರುಮಾಲು ಸುತ್ತಿದರು. ಕಾಲಿನಿಂದ ರಕ್ತ ಇಳಿಯುತ್ತಿದ್ದರೂ ಉಳವಪ್ಪ ನಕ್ಕ. ಅಷ್ಟು ಸಂತೋಷದ ಮುಖವನ್ನು ಕಸ್ತೂರೆವ್ವ ಬಹಳ ದಿನಗಳಿಂದ ನೋಡಿರಲಿಲ್ಲ. "ಅಜ್ಜಾ, ಬಾ, ತೂಗು" ಎಂದು ಅಂಕಿತಾ ಕೂಗಿದಳು. ಅವನು ಆ ದನಿಯತ್ತ ತಿರುಗಿ, ತನಗೆ ಗೊತ್ತಿದ್ದ ಗೋಡೆಯ ಬದಿ ಹಿಡಿದು ಹೊರಟ. ಕಟ್ಟಿದ ಬಟ್ಟೆ ಇಲ್ಲದೆ, ಕಣ್ಣು ತೆರೆದುಕೊಂಡು, ಹಾಡುಹಗಲಲ್ಲಿ ಅದೇ ಕುಂಟೆಗೆ ಎಡವಿ ಎರಡನೆಯ ಸಲ ಬಿದ್ದ.

ನಗಿಸಲು ಬೇಕೆಂದೇ ಆಟ ಕಟ್ಟುತ್ತಾನೆಂದು ತಿಳಿದು ಜನ ಮೊದಲು ಇನ್ನೂ ಜೋರಾಗಿ ನಕ್ಕರು. ಅವನು ನೆಲವನ್ನು ತಡವಿ ರುಮಾಲನ್ನು ಹುಡುಕತೊಡಗಿದ. ಅದು ಅವನ ಕಣ್ಣೆದುರಿಗೇ ಬಿದ್ದಿತ್ತು. ಆಗ ನಗೆ ನಿಂತಿತು.

ಸಿದ್ದಾರೂಢ ಹತ್ತಿರ ಬಂದ. "ಯಪ್ಪಾ, ಎಷ್ಟ ದಿನದಿಂದ?"

ಉಳವಪ್ಪ ರುಮಾಲಿಗಾಗಿ ನೆಲ ತಡವುತ್ತಲೇ ಇದ್ದ.

"ಇಷ್ಟ ದಿನಾ ಊರ ಮಂದೀನೆಲ್ಲಾ ಹುಚ್ಚರನ್ನ ಮಾಡಿದಿ ಅಲಾ. ಯವ್ವಾ, ನೀನೂ ಕೂಡಿದಿ ಇದಕ್ಕ."

ಹಿರಿಯರು ಅಲ್ಲಿಯೇ ಕುಳಿತು ವಿಚಾರ ಮಾಡಿದರು. ಪಂದ್ಯ ಕಣ್ಣಿದ್ದವರದು, ಇಲ್ಲದವನು ಗೆದ್ದದ್ದು ಲೆಕ್ಕಕ್ಕಿಲ್ಲ ಎಂದು ತೀರ್ಮಾನವಾಯಿತು. ರುಮಾಲಿನ ಧೂಳು ಜಾಡಿಸಿ ದುರ್ಗೇಶನ ತಲೆಗೆ ಸುತ್ತಿದರು. ಅವನೇ ಜೋಕಾಲಿ ತೂಗಿದ. ಮೇಲೆ ಮೇಲೆ ಹೋದಂತೆ ಅಂಕಿತಾ ಕಿಲಕಿಲ ನಗುತ್ತಿದ್ದುದು ಗಿರಣಿಯ ಬಳಿ ಕುಳಿತ ಉಳವಪ್ಪನಿಗೆ ಕೇಳುತ್ತಿತ್ತು. ಕಸ್ತೂರೆವ್ವ ಅವನ ಕಾಲಿಗೆ ಅರಿಷಿಣ ಒತ್ತುತ್ತಿದ್ದಳು.

ಮುಂದಿನ ಸೋಮವಾರ ಟ್ರೇಲರ್ ಮನೆಯ ಮುಂದೆ ಬಂದು ನಿಂತಿತು. ಉಳವಪ್ಪ ಒಗೆದ ಧೋತರ ಉಟ್ಟು, ಕುಂಟುತ್ತ, ಗೋಡೆ ಸವರುತ್ತ ಬಂದ. ಇನ್ನು ಮರೆಮಾಚುವುದೇನೂ ಇರಲಿಲ್ಲ. ಮೇಲೆ ಗುಜುಗುಜು ನಿಂತಿತು. ಏನು ಹೇಳುವುದೆಂದು ದೊಡ್ಡವರಿಗೆ ತೋಚಲಿಲ್ಲ. ಅಂಕಿತಾಗೆ ತೋಚಿತು. ಈ ಮನೆಗೆ ಬಂದಾಗಲೆಲ್ಲ ಕೇಳಿದ ಮಾತು. ಅಜ್ಜನಿಗೆ ಇಷ್ಟವಾದ ಮಾತೆಂದೇ ಅವಳು ತಿಳಿದಿದ್ದಳು.

"ಅಜ್ಜಾ, ಗುಡ್ಡಕ್ಕ ಬಂದು ನೀ ಏನ ನೋಡಾಂವ? ಮನ್ಯಾಗ ಕುಂಡ್ರು. ಬಂದ ಮ್ಯಾಲ ನಾ ಹೇಳ್ತೀನಿ."

ಟ್ರೇಲರು ನಕ್ಕಿತು. ತಡೆದರೂ ತಡೆಯಲಾಗದೆ ವಾಣಿಶ್ರೀಯೂ ನಕ್ಕಳು. ಉಳವಪ್ಪ ಮುಖ ಮೇಲೆತ್ತಿ ಎಲ್ಲರೊಡನೆ ನಕ್ಕ. ನಗದಿದ್ದರೆ ಏನಾಗುತ್ತದೆ ಎಂಬುದು ಅವನಷ್ಟು ಚೆನ್ನಾಗಿ ಬಲ್ಲವರು ಯಾರಿದ್ದರು?

ಕಸ್ತೂರೆವ್ವ ಕೆಳಗೆ ನಿಂತಿದ್ದಳು. "ನಾನೂ ಉಳೀತೀನಿ" ಎಂದಳು.

"ನೀ ಬರದಿದ್ರ ಅಷ್ಟ ಮಂದಿಗೆ ಯಾರ ನೀಡ್ತಾರ? ಹತ್ತಬೇ ಯವ್ವಾ" ಎಂದ ಸಿದ್ದಾರೂಢ. ಅವಳು ತಾಟಿನಲ್ಲಿ ರೊಟ್ಟಿ, ಎಂದಿನ ಕಡೆಗೆ ಪಲ್ಲೆ, ಎಂದಿನ ಕಡೆಗೆ ಹಿಂಡಿ ಹಾಕಿ, ಮುಚ್ಚಿ ಗಂಡನ ಕೈಗೆ ಕೊಟ್ಟು ಹತ್ತಿದಳು.

ಟ್ರ್ಯಾಕ್ಟರಿನ ಸದ್ದು ಅಗಸಿ ದಾಟುವವರೆಗೂ ಉಳವಪ್ಪ ನಿಂತಿದ್ದ. ಆಮೇಲೆ ತಾಟು ಹಿಡಿದುಕೊಂಡು ಎದುರುಮನೆಯ ಕಟ್ಟೆಗೆ ಹೋಗಿ ಕುಳಿತ.

"ಆ ಕಡಿ ಸರಿ. ಇದು ನನ್ನ ಜಾಗಾ" ಎಂದ ಗಾಳೆಪ್ಪ.

ಉಳವಪ್ಪ ಸರಿದು ಕುಳಿತ. ಗಾಳೆಪ್ಪ ಕೈ ಚಾಚಿ, ತಾಟಿನಿಂದ ಒಂದು ರೊಟ್ಟಿ ಮುರಿದುಕೊಂಡ.

"ಗುಡ್ಡ ಹ್ಯಾಂಗ ಕಂಡ್ತು ಅಂತ ಬಂದು ಹೇಳ್ತೀನಿ ಅಂದಿದ್ದಿ" ಎಂದ ಅಗಿಯುತ್ತ. "ಈಗ ಹೇಳು. ಅವರು ಬರೂದು ಸಂಜೀಕ."