ಉಜ್ವಲಾಳ ಬಾಗಿಲಿಗೆ ಥಳಿ ಇಲ್ಲ

ಭಾಲ್ಕಿಯ ನಮ್ಮ ಓಣಿಯಲ್ಲಿ ಕೌದಿ ಹೊಲಿಸಬೇಕೆಂದರೆ ಜನ ಉಜ್ವಲಾಳ ಮನೆ ಕೇಳಿಕೊಂಡು ಬರುತ್ತಾರೆ. ಹಳೆಯ ಸೀರೆ, ಧೋತರ, ಮಕ್ಕಳ ಅಂಗಿ ಏನು ತಂದುಕೊಟ್ಟರೂ ತುಂಡು ಜೋಡಿಸಿ, ಎಲ್ಲಿಯೂ ಸುಕ್ಕು ಬೀಳದ ಹಾಗೆ ಹೊಲಿಗೆ ಹಾಕುತ್ತಾಳೆ. ಸಣ್ಣಂದಿನಲ್ಲೇ ಪೋಲಿಯೋ ಬಂದು ಎಡಗಾಲು ಸೊರಗಿದೆ. ಕಂಕುಳಲ್ಲಿ ಕೋಲು ಊರಿ ನಡೆಯುತ್ತಾಳೆ. ಲಗ್ನ ಯಾಕಾಗಲಿಲ್ಲ ಎಂದು ಕೇಳಿದವರಿಗೆ, "ಹುಡುಗ ಬಂದಿದ್ದ, ನನಗ ಪಸಂದ ಬರಲಿಲ್ಲ" ಅನ್ನುತ್ತಾಳೆ. ಬಂದಿದ್ದು ಖರೆ, ಅವನಿಗೆ ಚಹಾ ಮಾಡಿಕೊಟ್ಟವಳು ನಾನೇ. ನಾನು ಈರಮ್ಮ, ಪಕ್ಕದ ಮನೆಯವಳು. ನನ್ನ ಯಜಮಾನರು ತೀರಿಕೊಂಡ ಮೇಲೆ ಹಗಲೆಲ್ಲ ಅವಳ ಜೊತೆ ಕೂತು ಸೂಜಿ ಹಿಡಿಯುತ್ತೇನೆ.

ಅವಳದು ಒಂದೇ ಖೋಲಿಯ ಮನೆ. ಕೌದಿ ಹರವಲು ಒಳಗೆ ಜಾಗವಿಲ್ಲ. ಅದಕ್ಕೆ ಅವಳ ಅಣ್ಣ ಅಶ್ವಜಿತ ಬಾಗಿಲ ಮುಂದೆ, ಚರಂಡಿಯ ಮೇಲೆ, ಸಾಗವಾನಿ ಹಲಗೆ ಹಾಸಿ ಅಗಲವಾದ ಕಟ್ಟೆ ಮಾಡಿಸಿಕೊಟ್ಟಿದ್ದಾನೆ. ಮೆಟ್ಟಿಲಿಲ್ಲ, ಇಳಿಜಾರಾಗಿ ರಸ್ತೆಗೆ ಸೇರುತ್ತದೆ. ಅವಳು ಹೊರಗೆ ಬರುವುದೂ ಅದರ ಮೇಲೆಯೇ, ದುಡಿಯುವುದೂ ಅದರ ಮೇಲೆಯೇ. ಹೋದ ಮಳೆಗಾಲದಲ್ಲಿ ಆ ಹಲಗೆಗಳಿಗೆ ಪಾಚಿ ಹಿಡಿಯಿತು. ಕೋಲು ಜಾರಿ ಬಿದ್ದಳು, ಮುಂಗೈ ಮುರಿಯಿತು. ಔರಾದಿನಿಂದ ಅಶ್ವಜಿತ ಓಡಿಬಂದ.

"ಇನ್ನೊಮ್ಮಿ ಜಾರಿದಿ ಅಂದ್ರ ಈ ಹಲಗಿ ಕಿತ್ತಿ ಒಯ್ತೇನಿ. ಆಮ್ಯಾಲ ನೀ ನಡಿ ನಮ್ಮನಿಗಿ. ಉಣ್ಣು, ಕೂಡು."

"ಕೂತು ಏನ್ ಮಾಡ್ಲಿ ಅಣ್ಣಾ?"

"ಏನೂ ಮಾಡಬ್ಯಾಡ."

ಕೈ ಮುರಿದಾಗ ಅಳದವಳು ಆ ಮಾತಿಗೆ ಅತ್ತಳು. ಈ ವರ್ಷ ಮುಂಗಾರಿನ ಮಿರಗದ ಮಳೆ ಹತ್ತಿರ ಬಂದ ಹಾಗೆ, ಅವಳು ಅರ್ಧ ರೊಟ್ಟಿಗೇ ಕೈ ತೊಳೆಯತೊಡಗಿದಳು. ಮೋಡ ಕಂಡರೆ ಹಲಗೆ ಮುಟ್ಟಿ ನೋಡುವುದು, ಮತ್ತೆ ಮೋಡ ನೋಡುವುದು. ನನಗೇ ತಡೆಯಲಾಗಲಿಲ್ಲ. "ನಡಿ ಬೀದರಕ್ಕ, ಇದಕ್ಕೇನರ ಹಚ್ಚೋದು ಸಿಗ್ತದೇನು ಕೇಳೋಣು" ಅಂದೆ. ಕಟ್ಟೆ ಮಾಡಿಸಿದಾಗ ಉಳಿದಿದ್ದ ಹಲಗೆಯ ತುಂಡೊಂದನ್ನು ಅವಳು ಚೀಲಕ್ಕೆ ಹಾಕಿಕೊಂಡಳು.

ಬೀದರಿನಲ್ಲಿ ನಾವು ಹೋದ ಬಣ್ಣದ ಅಂಗಡಿಯಲ್ಲಿ ಖುರ್ಷಿದ ಬೇಗಂ ಎಂಬುವರು ಗಲ್ಲೆಯ ಮೇಲಿದ್ದರು. ಉಜ್ವಲಾಳ ಮನಸ್ಸಿನಲ್ಲಿ ಇದ್ದದ್ದು ಗಾಡಿಗೆ ಬಳಿಯುವಂಥ ಕೆಂಪು ಆಯಿಲ್ ಪೇಂಟ್.

"ಫಳಫಳ ಹೊಳೀಬೇಕ್ರಿ" ಅಂದಳು.

ಬೇಗಂ ಅವಳ ಕೋಲು ನೋಡಿದರು. "ಚಮಕ್ ಬೇಕೋ, ಕಾಲು ಬೇಕೋ ನಿಮಗ?"

"ಎರಡೂ ಬೇಕ್ರಿ."

"ಎರಡೂ ಕೊಡಾಂವ ಮ್ಯಾಲ ಅದಾನ. ನಾ ದುಕಾನದಾಕಿ."

ಉಜ್ವಲಾ ನಕ್ಕಳು. ಬಹಳ ದಿನದ ಮೇಲೆ ನಕ್ಕಿದ್ದಳು. ಬೇಗಂ ಬಿಡಿಸಿ ಹೇಳಿದರು. ಪೇಂಟೂ ವಾರ್ನಿಶೂ ಹಾಲಿನ ಕೆನೆಯ ಹಾಗೆ ಕಟ್ಟಿಗೆಯ ಮೇಲೆಯೇ ನಿಲ್ಲುತ್ತವೆ. ಮಳೆಯಲ್ಲಿ ನುಣ್ಣಗಾಗಿ ಜಾರುತ್ತವೆ, ಬಿಸಿಲಿಗೆ ಸೀಳುತ್ತವೆ, ಸೀಳಿನಲ್ಲಿ ನೀರು ಹೊಕ್ಕರೆ ಒಳಗೊಳಗೇ ಕೊಳೆಯುತ್ತದೆ. ಸ್ಟೇನ್ ಅನ್ನುವ ಬಣ್ಣ ಕಟ್ಟಿಗೆಯ ಒಳಗೇ ಇಳಿಯುತ್ತದೆ. ಕಟ್ಟಿಗೆಯ ಗೆರೆ, ಒರಟು ಹಾಗೇ ಉಳಿದು ಕಾಲಿಗೆ ಹಿಡಿತ ಸಿಗುತ್ತದೆ. ಹೊರಗಿನ ಕಟ್ಟಿಗೆಗೆಂದೇ ಇರುವ ಡಬ್ಬಿಗಳನ್ನು ತೆಗೆದು, ನಮ್ಮ ತುಂಡಿನ ಮೇಲೆಯೇ ಬೇರೆ ಬೇರೆ ಬಣ್ಣ ಸವರಿ ತೋರಿಸಿದರು. ಕಪ್ಪಗಿನದು ಬಿಸಿಲಿಗೆ ಕಾಯುತ್ತದೆ, ತೀರ ತಿಳಿ ಬಣ್ಣದ್ದು ಬೇಗ ಮಾಸುತ್ತದೆ ಎಂದರು. ಉಜ್ವಲಾ ಬೆಲ್ಲದ ಬಣ್ಣದ್ದನ್ನು ಆರಿಸಿದಳು.

"ಹಲಗಿ ಖಡಕ್ ಒಣಗಿರಬೇಕು. ಒಂದು ಹನಿ ನೀರು ಬಿಟ್ಟು ನೋಡ್ರಿ. ಹಲಗಿ ಅದನ್ನ ಕುಡೀತಂದ್ರ ಬಣ್ಣನೂ ಕುಡೀತದ. ಹಚ್ಚಿದ ಮ್ಯಾಲ ಪೂರಾ ಒಣಗೋತನಕ ನೀರು ತಾಗಿಸಬ್ಯಾಡ್ರಿ. ಮತ್ತ ಒರೆಸಿದ ಅರಿವಿ ಮುದ್ದಿ ಮಾಡಿ ಒಗೀಬ್ಯಾಡ್ರಿ, ಎಣ್ಣಿ ಕಾವಿಗಿ ತಾನೇ ಉರಿ ಹತ್ತತದ."

ಈ ಕೊನೆಯ ಮಾತು ಕೇಳಿ ಬಸ್ಸಿನಲ್ಲಿ ಭಾಲ್ಕಿಯವರೆಗೂ ನಾನು ಡಬ್ಬಿಯನ್ನು ಮಡಿಲಿಂದ ಇಳಿಸಲಿಲ್ಲ.

ಕೆಲಸ ನನ್ನದೇ, ಅವಳಿಗೆ ಬಗ್ಗಲಾಗುವುದಿಲ್ಲ. ತೆಂಗಿನ ನಾರಿನಿಂದ ಪಾಚಿ ತಿಕ್ಕಿ ತೊಳೆದೆ. ಹಲಗೆಗಳ ನಡುವಿನ ಸಂದಿಯ ಮಣ್ಣನ್ನು ಕಡ್ಡಿಯಿಂದ ಕೆದರಿ ತೆಗೆದೆ. ಇನ್ನು ಒಣಗಬೇಕು. ಇಲ್ಲಿ ತೊಡಕು ಬಂತು. ಬುದ್ಧನನ್ನು ನಂಬುವ ಮನೆಯಾಗಲಿ, ಬಸವಣ್ಣನನ್ನು ನಂಬುವ ಮನೆಯಾಗಲಿ, ನಮ್ಮ ಓಣಿಯಲ್ಲಿ ಬೆಳಗಾದರೆ ಬಾಗಿಲ ಮುಂದೆ ಸೆಗಣಿ ನೀರು ಚಿಮುಕಿಸಿ ಥಳಿ ಹೊಡೆದು, ರಂಗೋಲಿ ಹಾಕಬೇಕು. ಸಾವಾದ ಮನೆಯ ಬಾಗಿಲು ಮಾತ್ರ ಒಣಗಿರುತ್ತದೆ. ಉಜ್ವಲಾ ಬಿದ್ದಾಗಿನಿಂದ ಅವಳ ಬಾಗಿಲ ಥಳಿಯನ್ನು ಎದುರು ಮನೆಯ ಮುದುಕಿ ಶಾಲುಬಾಯಿ ಪ್ರೀತಿಯಿಂದ ಹೊಡೆಯುತ್ತಿದ್ದಳು. ದಿನಾ ಹಲಗೆಯ ಮೇಲೆಯೇ. ಪಾಚಿಗೆ ಅದೂ ಮೇವಾಗಿತ್ತು. ಹಾಗೆಂದು ಅವಳಿಗೆ ಹೇಳಲು ಬಾಯಿ ಬರಲಿಲ್ಲ.

"ಬಣ್ಣ ಒಣಗೋತನಕ ಥಳಿ ಬ್ಯಾಡ ಬಾಯಿ" ಅಂದೆ, ಅಷ್ಟೇ.

"ಬದುಕಿದ ಹುಡುಗಿ ಬಾಗಲಾ ಒಣಗಿಸ್ತೀ ಏನ, ಈರಕ್ಕಾ?" ಎಂದು ಮುಖ ತಿರುವಿಕೊಂಡು ಹೋದಳು.

ಹನಿ ನೀರನ್ನು ಹಲಗೆ ಕುಡಿಯುವವರೆಗೂ ಕಾದೆ. ಪಾಲಿಶ್ ಪೇಪರಿನಿಂದ ಉಜ್ಜಿ ಧೂಳು ಒರೆಸಿದೆ. ಉಜ್ವಲಾಳನ್ನು ನಮ್ಮ ಮನೆಗೆ ಕರೆತಂದು ಅವಳ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಅವಳಿಗೇ ಕೊಟ್ಟೆ, ಯಾಕೆಂದರೆ ಹಚ್ಚಿದ ಮೇಲೆ ಅದರ ಮೇಲೆ ಕಾಲಿಡುವಂತಿಲ್ಲ. ಬಿಸಿಲು ಇಳಿದ ಮೇಲೆ ಬಾಗಿಲ ಕಡೆಯಿಂದ ರಸ್ತೆಯ ಕಡೆಗೆ, ಗೆರೆ ಹೋದ ದಿಕ್ಕಿಗೇ ಬ್ರಷ್ ಎಳೆಯುತ್ತ ಬಂದೆ. ಒಂದು ಹಲಗೆ ಮುಗಿಯದೆ ಇನ್ನೊಂದು ಮುಟ್ಟಲಿಲ್ಲ. ಕುಡಿಯದೆ ನಿಂತ ಬಣ್ಣವನ್ನು ಅರಿವೆಯಿಂದ ಒರೆಸಿದೆ, ಬಿಟ್ಟರೆ ಅಂಟಾಗುತ್ತದೆ. ಅರಿವೆಗಳನ್ನು ನೀರಲ್ಲಿ ಅದ್ದಿ ತಂತಿಯ ಮೇಲೆ ಬಿಡಿಬಿಡಿಯಾಗಿ ಹರವಿದೆ. ಉಜ್ವಲಾ ನಮ್ಮ ಬಾಗಿಲಲ್ಲಿ ನಿಂತು, "ಕಾಕು, ಅಲ್ಲಿ ಉಳೀತು ನೋಡು, ಆ ಮೂಲ್ಯಾಗ" ಅನ್ನುತ್ತಲೇ ಇದ್ದಳು.

ಬೆಳಗಾಗೆದ್ದು ನೋಡಿದರೆ ಹಲಗೆಯ ತುಂಬ ಹಸಿರು ಚುಕ್ಕೆ. ಶಾಲುಬಾಯಿ ಬಕೀಟು ಹಿಡಿದು ನಿಂತಿದ್ದಳು.

"ಹಾಲಿನಾಕಿ 'ಯಾರು ಹೋದ್ರು?' ಅಂತ ಕೇಳಿದಳ. ನನ್ನ ಜೀವ ತಡೀಲಿಲ್ಲ. ಸ್ವಲ್ಪೇ ಹೊಡದೀನಿ" ಅಂದಳು. ಆಮೇಲೆ ನಮ್ಮಿಬ್ಬರ ಮುಖ ನೋಡಿ, ತಾನೇ ಸೆರಗಿನಿಂದ ಒರೆಸಲು ಕೂತಳು. ಒರೆಸಿದಷ್ಟೂ ಕಲೆ ಹರಡಿತು.

ಉಜ್ವಲಾ ಕಮಲನಗರದ ಕಡೆಯ ಆಕಾಶ ನೋಡಿ, "ಆ ಕಡಿ ಕಪ್ಪಾಗ್ಯದ ಕಾಕು" ಅಂದಳು.

ಹಸಿ ಇರುವಾಗ ಉಜ್ಜುವಂತಿರಲಿಲ್ಲ. ಒಣಗಿದ ಮೇಲೆ ಕೆಟ್ಟ ಹಲಗೆಗಳನ್ನಷ್ಟೇ ಉಜ್ಜಿ, ತೆಳ್ಳಗೆ ಮತ್ತೆ ಹಚ್ಚಿದೆ. ಈ ಸಲ ಶಾಲುಬಾಯಿಯೇ ರಸ್ತೆಯಲ್ಲಿ ಕೂತು ಕೋಳಿ ಓಡಿಸಿದಳು. ನಾನು ಹೊತ್ತುಹೊತ್ತಿಗೆ ಬೆರಳ ಹಿಂಬದಿಯಿಂದ ಮುಟ್ಟಿ ನೋಡುತ್ತಿದ್ದೆ. ಅಂಟು ಹೋದ ಹಾಗೆ ಅನಿಸುತ್ತಿತ್ತು, ಖಾತ್ರಿ ಮಾತ್ರ ಇರಲಿಲ್ಲ. ಮಳೆ ಇನ್ನೂ ಚೂರು ತಡೆಯಲಿ ಎಂದುಕೊಳ್ಳುತ್ತಿರುವಾಗಲೇ ಅಶ್ವಜಿತ ಬಂದ. ಜೊತೆಗೆ ಹೆಂಡತಿ ಮಹಾಮಾಯಾ, ಸೆರಗು ಬಾಯಿಗೆ ಹಿಡಿದುಕೊಂಡು. ಬೀಗ ಹಾಕಿದ ಬಾಗಿಲು, ಥಳಿ ಇಲ್ಲದ ಕಟ್ಟೆ ನೋಡಿ ಅಲ್ಲೇ ಕುಸಿದು ಅಳತೊಡಗಿದಳು.

"ಯಾರ್ ಅಳ್ಳಾಕತ್ತಾರ?" ಎಂದು ಉಜ್ವಲಾ ನಮ್ಮ ಮನೆಯಿಂದ ಇಣುಕಿದಳು.

ಅಶ್ವಜಿತನ ಮುಖದ ಬಣ್ಣವೇ ಇಳಿಯಿತು. ಅರೆಗಳಿಗೆ ಬಿಟ್ಟು ಸಿಟ್ಟು ಬಂತು. ಓಣಿಯಲ್ಲಿ ಹಾದುಹೋದ ಔರಾದಿನ ಬಟ್ಟೆ ವ್ಯಾಪಾರಿಯೊಬ್ಬ, ನಿನ್ನ ತಂಗಿಯ ಬಾಗಿಲು ಒಣಗಿದೆ, ಬೀಗ ಬಿದ್ದಿದೆ ಎಂದು ಹೇಳಿದ್ದನಂತೆ.

"ಫೋನ್ ಯಾಕ ಎತ್ತಲಿಲ್ಲ?"

"ಒಳಗ ಉಳದದ ಅಣ್ಣಾ. ಹಲಗಿ ತುಳದು ಹ್ಯಾಂಗ ಹೋಗ್ಲಿ?"

"ಹಲಗಿ! ಹಲಗಿ ಸಲುವಾಗಿ ನನ್ನ ಜೀವ ತಗದಿ. ಇವತ್ತೇ ಕೀಳ್ತೇನಿ ನೋಡು."

ಆಗಲೇ ಮಳೆ ಬಂತು. ದಪ್ಪ ಹನಿ. ಎಲ್ಲರೂ ನಮ್ಮ ಪಡಸಾಲೆಗೆ ಓಡಿಬಂದೆವು. ನನ್ನ ಕಣ್ಣು ಹಲಗೆ ಬಿಟ್ಟು ಅಲುಗಲಿಲ್ಲ. ಬಣ್ಣ ಕರಗಿ ಚರಂಡಿಗೆ ಇಳಿದರೆ ಮುಗಿಯಿತು ಎಂದುಕೊಂಡೆ. ಇಳಿದ ನೀರು ತಿಳಿಯಾಗಿಯೇ ಇತ್ತು.

ಮಳೆ ಸಣ್ಣಗಾದ ಕೂಡಲೆ ಅಶ್ವಜಿತ ಚಪ್ಪಲಿ ಕಳಚಿ ಹಲಗೆಯ ಮೇಲೆ ಹೋದ. ಹಿಮ್ಮಡಿ ಒತ್ತಿ ತಿರುವಿದ. ಜಾರಲೆಂದೇ ನಡೆದ. ಅವನು ಕೆಳಗಿಳಿಯುವ ಮೊದಲೇ ಉಜ್ವಲಾ ಕೋಲು ಊರಿ ಹತ್ತತೊಡಗಿದ್ದಳು. ಅವನು ಕೈ ಚಾಚಿದ.

"ಕೈ ತಗಿ ಅಣ್ಣಾ, ಅಡ್ಡ ಬರಬ್ಯಾಡ."

ಇಳಿಜಾರಿನ ನಡುವೆ ಕೋಲಿನ ರಬ್ಬರು ಚೂರು ಸರಿಯಿತು, ನಿಂತಿತು. ಅವಳೂ ನಿಂತಳು. ಮತ್ತೆ ಊರಿದಳು. ಬಾಗಿಲಿಗೆ ಹೋಗಿ ಬೀಗ ಹಿಡಿದ ಮೇಲೆಯೇ ತಿರುಗಿ ನೋಡಿದಳು.

ಅಶ್ವಜಿತ ಇಳಿಜಾರಿನ ಅಂಚನ್ನು ಗೇಣಿನಿಂದ ಅಳೆದ. "ಆ ಕಡಿ ಕೈ ಹಿಡಿಯಾಕ ಒಂದು ಕಟ್ಟಿಗಿ ಕಠಡಾ ಹಚ್ಚಿಸ್ತೇನಿ. ಹಿಡಕೊಂಡೇ ನಡೀಬೇಕು" ಅಂದ.

"ಹಚ್ಚಿಸು. ಮಳಿ ಬಿಟ್ಟ ಮ್ಯಾಲ ಕಾಕು ಅದಕ್ಕೂ ಬಣ್ಣ ಹಚ್ತಾಳ" ಎಂದು ಉಜ್ವಲಾ ಬೀಗ ತೆಗೆದಳು.